ಪ್ರೊವ್ಯಾಂ, ವೆಜ್ಲೆ, ಸಾರ್ಲಾ, ಕೊಂಕ್: ಫ್ರಾನ್ಸಿನ ಹಳೇ ಸಣ್ಣ ಊರುಗಳಲ್ಲಿ ನಿಮಗೆ ಯಾವುದು?

ಪ್ಯಾರಿಸ್ಸಿಗೆ ಬರುವ ನಮ್ಮ ಕಡೆಯವರು ಈಚೆಗೆ ಒಂದೇ ಪ್ರಶ್ನೆ ಕೇಳುತ್ತಾರೆ. "ಐಫೆಲ್ ಟವರ್ ಆಯ್ತು, ಲೂವ್ರ್ ಆಯ್ತು. ಇನ್ನೆರಡು ದಿನ ಉಳಿದಿದೆ. ಗಲಾಟೆ ಇಲ್ಲದ, ಹಳೇ ಕಾಲದ ಒಂದು ಸಣ್ಣ ಊರಿಗೆ ಹೋಗಿ ಬರಬೇಕು. ಯಾವುದು ಹೇಳಿ." ಹೀಗೆ ಕೇಳುವ ಹೊತ್ತಿಗೆ ಅವರ ಫೋನಿನಲ್ಲಿ ನಾಲ್ಕೈದು ಊರುಗಳ ಫೋಟೋ ಬಂದು ಕೂತಿರುತ್ತದೆ. ಎಲ್ಲವೂ ಚೆಂದ. ಎಲ್ಲದರಲ್ಲೂ ಕಲ್ಲಿನ ಮನೆ, ಕಿಟಕಿಯಲ್ಲಿ ಹೂವು, ಖಾಲಿ ಬೀದಿ. ಫೋಟೋ ನೋಡಿ ಆರಿಸುವುದು ಸಾಧ್ಯವೇ ಇಲ್ಲ.

ನಾನು ಪ್ಯಾರಿಸ್ಸಿನ ಹತ್ತಿರ ಇರುವವರಲ್ಲಿ ಒಬ್ಬ. ಕೆಳಗಿನ ನಾಲ್ಕು ಊರುಗಳಿಗೂ ಹೋಗಿದ್ದೇನೆ. ಕೆಲವಕ್ಕೆ ಒಬ್ಬನೇ, ಕೆಲವಕ್ಕೆ ಬೆಂಗಳೂರಿನಿಂದ ಬಂದ ಅಪ್ಪ ಅಮ್ಮನ ಜೊತೆ. ಒಂದೇ ಊರು ಒಬ್ಬರಿಗೆ ತುಂಬಾ ಹಿಡಿಸಿ, ಇನ್ನೊಬ್ಬರಿಗೆ ಸುಸ್ತಾಗಿಸಿದ್ದನ್ನು ನೋಡಿದ್ದೇನೆ. ಅದಕ್ಕೇ ಊರಿನ ವಿಷಯಕ್ಕೆ ಬರುವ ಮೊದಲು ನಿಮ್ಮ ವಿಷಯ ಮಾತಾಡೋಣ.

ಮೊದಲು ಇಷ್ಟನ್ನು ಯೋಚಿಸಿ

ಕಾರು ಓಡಿಸುತ್ತೀರಾ? ಮಿಕ್ಕಿದ್ದೆಲ್ಲ ಇದರ ಮೇಲೆ ನಿಂತಿದೆ. ಫ್ರಾನ್ಸಿನಲ್ಲಿ ದೊಡ್ಡ ಊರುಗಳ ನಡುವೆ ರೈಲು ತುಂಬಾ ಚೆನ್ನಾಗಿದೆ. ಕಷ್ಟ ಇರುವುದು ಕೊನೆಯ ಹತ್ತು, ಇಪ್ಪತ್ತು ಕಿಲೋಮೀಟರಿನಲ್ಲಿ. ಹಳ್ಳಿಗಾಡಿನಲ್ಲಿ ಬಸ್ಸು ದಿನಕ್ಕೆ ಒಂದೋ ಎರಡೋ. ಭಾನುವಾರ ಎಷ್ಟೋ ಕಡೆ ಅದೂ ಇಲ್ಲ. ಸಣ್ಣ ನಿಲ್ದಾಣದ ಹೊರಗೆ ಟ್ಯಾಕ್ಸಿ ಕಾಯುತ್ತಾ ನಿಂತಿರುವುದಿಲ್ಲ, ಮೊದಲೇ ಫೋನ್ ಮಾಡಿ ಹೇಳಿರಬೇಕು. ಕಾರು ಬಾಡಿಗೆಗೆ ತೆಗೆದುಕೊಳ್ಳುವುದಾದರೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ಅದನ್ನು ಊರಿನಿಂದ ಹೊರಡುವ ಮೊದಲೇ ಆರ್‌ಟಿಓದಲ್ಲಿ ಮಾಡಿಸಿ. ಇಲ್ಲಿ ಗಾಡಿ ಓಡಿಸುವುದು ರಸ್ತೆಯ ಬಲಗಡೆ. ಬಾಡಿಗೆ ಕಾರುಗಳಲ್ಲಿ ಕೈಯಿಂದ ಗೇರ್ ಹಾಕುವವೇ ಜಾಸ್ತಿ. ಆಟೋಮ್ಯಾಟಿಕ್ ಬೇಕಿದ್ದರೆ ಬೇಗ ಬುಕ್ ಮಾಡಿ, ಬಾಡಿಗೆಯೂ ಸ್ವಲ್ಪ ಹೆಚ್ಚು.

ಎರಡನೆಯದು: ರಾತ್ರಿ ಅಲ್ಲೇ ಉಳಿಯುತ್ತೀರಾ? "ಗಲಾಟೆ ಇಲ್ಲದ ಊರು" ಅಂದರೆ ಎಲ್ಲ ಹೊತ್ತಿನಲ್ಲೂ ಗಲಾಟೆ ಇಲ್ಲ ಅಂತ ಅಲ್ಲ. ಹೆಸರಾದ ಯಾವ ಊರಿಗೂ ಬೆಳಗ್ಗೆ ಹನ್ನೊಂದರಿಂದ ಸಂಜೆ ಐದರ ತನಕ ಟೂರ್ ಬಸ್ಸುಗಳು ಬರುತ್ತವೆ. ಐಸ್‌ಕ್ರೀಮ್ ಅಂಗಡಿ ಮುಂದೆ ಸಾಲು ಇರುತ್ತದೆ. ಆರು ಗಂಟೆಗೆ ಬಸ್ಸುಗಳು ಹೊರಟವೆಂದರೆ ಅದೇ ಬೀದಿಯಲ್ಲಿ ನಿಮ್ಮ ಹೆಜ್ಜೆಯ ಸದ್ದು ನಿಮಗೇ ಕೇಳಿಸುತ್ತದೆ. ನೀವು ಫೋಟೋದಲ್ಲಿ ನೋಡಿ ಆಸೆಪಟ್ಟ ಊರು ಅದು. ಅದು ಸಂಜೆ ಆರರಿಂದ ಬೆಳಗ್ಗೆ ಹತ್ತರ ತನಕ ಮಾತ್ರ ಸಿಗುತ್ತದೆ. ಹಾಗಾಗಿ ಎರಡು ಊರಿಗೆ ಹಗಲಲ್ಲಿ ಓಡಿ ಬರುವುದಕ್ಕಿಂತ ಒಂದೇ ಊರಲ್ಲಿ ಒಂದು ರಾತ್ರಿ ಕಳೆಯಿರಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ.

ಮೂರನೆಯದು ಮಂಡಿ. ಹಿಂದಿನವರು ಶತ್ರುಗಳಿಂದ ತಪ್ಪಿಸಿಕೊಳ್ಳಲು ಎಷ್ಟೋ ಊರುಗಳನ್ನು ಗುಡ್ಡದ ಮೇಲೆ ಕಟ್ಟಿದರು. ಬೀದಿಗಳೆಲ್ಲ ಏರು, ನೆಲವೆಲ್ಲ ಉರುಟು ಕಲ್ಲು. ಚಕ್ರದ ಸೂಟ್‌ಕೇಸ್ ಎಳೆಯುವುದು ನಿಜಕ್ಕೂ ಕಷ್ಟ. ಬೆನ್ನಿಗೆ ಹಾಕುವ ಚೀಲ ತನ್ನಿ.

ನಾಲ್ಕನೆಯದು ಊಟ. ಸಸ್ಯಾಹಾರಿಗಳಾಗಿದ್ದರೆ ಇದನ್ನು ಸುಮ್ನೆ ಕೊನೆಗೆ ಬಿಡಬೇಡಿ. ಪ್ಯಾರಿಸ್ಸಿನಲ್ಲಿ ನೂರು ದಾರಿ ಇದೆ, ಹಳ್ಳಿಯಲ್ಲಿ ಎರಡೋ ಮೂರೋ ಹೋಟೆಲು. ಅಡುಗೆಮನೆ ತೆರೆದಿರುವುದು ಮಧ್ಯಾಹ್ನ ಹನ್ನೆರಡರಿಂದ ಎರಡು, ರಾತ್ರಿ ಏಳರಿಂದ ಒಂಬತ್ತು. ಎರಡೂವರೆಗೆ ಹೋಗಿ ಕೂತರೆ ಊಟ ಇಲ್ಲ. ಭಾನುವಾರ ರಾತ್ರಿ ಮತ್ತು ಸೋಮವಾರ ಬಹಳಷ್ಟು ಬಾಗಿಲು ಮುಚ್ಚಿರುತ್ತದೆ.

ಐದನೆಯದು ತಿಂಗಳು. ಮೇ ಕೊನೆ, ಜೂನ್, ಸೆಪ್ಟೆಂಬರ್ ಒಳ್ಳೆಯವು. ಜೂನಿನಲ್ಲಿ ರಾತ್ರಿ ಹತ್ತರ ತನಕ ಬೆಳಕಿರುತ್ತದೆ. ಜುಲೈ, ಆಗಸ್ಟಿನಲ್ಲಿ ಫ್ರಾನ್ಸಿನವರೇ ರಜೆಗೆ ಹೊರಡುತ್ತಾರೆ. ಮೇ 1 ಮತ್ತು ಮೇ 8 ಅವರಿಗೆ ರಜೆ. ಅದು ವಾರದ ಕೊನೆಗೆ ಹತ್ತಿರ ಬಿದ್ದರೆ ಎಲ್ಲ ಕಡೆ ಕೋಣೆ ಭರ್ತಿ. ನವೆಂಬರಿನಿಂದ ಮಾರ್ಚ್ ತನಕ ಊರು ಪೂರ್ತಿ ನಿಮ್ಮದೇ, ಆದರೆ ಹೋಟೆಲು, ಮ್ಯೂಸಿಯಂ ಎಷ್ಟೋ ಮುಚ್ಚಿರುತ್ತವೆ.

ಪ್ರೊವ್ಯಾಂ: ಒಂದೇ ದಿನ ಇದ್ದರೆ, ಖರ್ಚು ಕಡಿಮೆ ಇರಬೇಕಿದ್ದರೆ

ಇಂಗ್ಲಿಷ್ ಓದಿದಂತೆ ಓದಿದರೆ ಇದು "ಪ್ರೊವಿನ್ಸ್" ಅನ್ನಿಸುತ್ತದೆ. ದಕ್ಷಿಣದ ಪ್ರೊವಾನ್ಸ್ ಪ್ರಾಂತ್ಯವೇ ಬೇರೆ. ಇವೆರಡನ್ನು ಗೊಂದಲ ಮಾಡಿಕೊಂಡು ರೈಲು ಹುಡುಕುವವರಿದ್ದಾರೆ, ಜೋಪಾನ.

ಪ್ಯಾರಿಸ್ಸಿನ ಗಾರ್ ದ ಲೆಸ್ಟ್ ನಿಲ್ದಾಣದಿಂದ ಟ್ರಾನ್ಸಿಲಿಯನ್ ಪಿ ಲೈನಿನ ರೈಲು ಹತ್ತಿದರೆ ಸುಮಾರು ಒಂದೂವರೆ ಗಂಟೆ. ಬದಲಿಸುವ ಕೆಲಸ ಇಲ್ಲ. 2025ರ ಜನವರಿಯಿಂದ ಪ್ಯಾರಿಸ್ ಪ್ರಾಂತ್ಯದ ಮೆಟ್ರೋ ಮತ್ತು ರೈಲಿಗೆ ಒಂದೇ ದರ ಮಾಡಿದರು. ಆಗ ಅದು 2.50 ಯೂರೋ ಇತ್ತು. ಪ್ರೊವ್ಯಾಂ ಆ ಪ್ರಾಂತ್ಯದ ತುದಿಯಲ್ಲಿದೆ, ಹಾಗಾಗಿ ಅಷ್ಟು ದೂರಕ್ಕೂ ಮೆಟ್ರೋದಷ್ಟೇ ದುಡ್ಡು. ವಾರದ ನವಿಗೋ ಪಾಸ್ ಇದ್ದರೆ ಅದೂ ನಡೆಯುತ್ತದೆ.

12 ಮತ್ತು 13ನೇ ಶತಮಾನದಲ್ಲಿ ಇಲ್ಲಿ ಯುರೋಪಿನ ದೊಡ್ಡ ಜಾತ್ರೆಗಳು ನಡೆಯುತ್ತಿದ್ದವು. ಶಾಂಪೇನ್ ಪ್ರಾಂತ್ಯದ ದೊರೆಗಳು ವ್ಯಾಪಾರಿಗಳಿಗೆ ದಾರಿಯಲ್ಲಿ ರಕ್ಷಣೆ ಕೊಟ್ಟರು. ಉತ್ತರದ ಫ್ಲಾಂಡರ್ಸ್‌ನವರು ಬಟ್ಟೆ ತಂದರು, ಇಟಲಿಯವರು ಮಸಾಲೆ, ರೇಷ್ಮೆ ತಂದರು. ಪ್ರೊವ್ಯಾಂನ ನಾಣ್ಯ ಇಟಲಿಯ ತನಕ ಚಲಾವಣೆಯಲ್ಲಿತ್ತು. ಆ ಕಾಲದ ಕೋಟೆಗೋಡೆ, ಸೀಸರ್ ಗೋಪುರ, ವ್ಯಾಪಾರಿಗಳು ಸರಕು ಇಡುತ್ತಿದ್ದ ಕಲ್ಲಿನ ಉಗ್ರಾಣ, ನೆಲದಡಿಯ ಸುರಂಗಗಳು ಇನ್ನೂ ಇವೆ. 2001ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿತು. ಮಕ್ಕಳಿರುವ ಮನೆಗೆ ಈ ನಾಲ್ಕರಲ್ಲಿ ಇದೇ ಸರಿ. ಬೇಸಿಗೆಯಲ್ಲಿ ಗೋಡೆಯ ಪಕ್ಕ ಗಿಡುಗ, ಹದ್ದು ಹಾರಿಸುವ ಪ್ರದರ್ಶನ ಇರುತ್ತದೆ.

ತಿನ್ನಲಿಕ್ಕೆ ಇಲ್ಲಿ ಗುಲಾಬಿ ಹೆಸರುವಾಸಿ. ಗುಲಾಬಿ ಜಾಮ್, ಗುಲಾಬಿ ಐಸ್‌ಕ್ರೀಮ್. ನಮ್ಮ ಗುಲ್ಕನ್ ಇಷ್ಟಪಡುವವರಿಗೆ ಈ ಜಾಮ್ ತಕ್ಷಣ ಹಿಡಿಸುತ್ತದೆ. ಅಮ್ಮ ಎರಡು ಬಾಟಲಿ ಬೆಂಗಳೂರಿಗೆ ತೆಗೆದುಕೊಂಡು ಹೋದರು.

ಕೊರತೆ ಏನು? ಇದು ಹಳ್ಳಿ ಅಲ್ಲ, ಸುಮಾರು ಹನ್ನೆರಡು ಸಾವಿರ ಜನರ ಊರು. ರೈಲು ನಿಲ್ಲುವುದು ಕೆಳಗಿನ ಊರಿನಲ್ಲಿ, ಅಲ್ಲಿ ಸಾಮಾನ್ಯ ಅಂಗಡಿ ಬೀದಿ. ಮೇಲಿನ ಹಳೇ ಊರಿಗೆ ಇಪ್ಪತ್ತು ನಿಮಿಷ ಏರು ನಡೆಯಬೇಕು. ಭಾನುವಾರ ಪ್ಯಾರಿಸ್ಸಿನ ಜನ ಬಂದು ತುಂಬುತ್ತಾರೆ. ವಾರದ ನಡುವೆ ಹೋಗಿ. ಆಗ ಕೋಟೆಗೋಡೆಯ ಮೇಲಿನಿಂದ ಗೋಧಿ ಹೊಲ ನೋಡುತ್ತಾ ನಿಂತರೆ ಅಲ್ಲಿ ಜನ ಕಡಿಮೆ ಇರುತ್ತಾರೆ.

ವೆಜ್ಲೆ: ನನ್ನ ಮನಸ್ಸಿನ ಊರು

ಬರ್ಗಂಡಿ ಪ್ರಾಂತ್ಯದ ಒಂದು ಗುಡ್ಡ. ಗುಡ್ಡದ ಬೆನ್ನಿನ ಮೇಲೆ ಒಂದೇ ಬೀದಿ. ಬೀದಿಯ ತುದಿಯಲ್ಲಿ ಒಂದು ದೊಡ್ಡ ಚರ್ಚು. ಊರಿನ ಜನ ಐನೂರು ಕೂಡ ಇಲ್ಲ. ಅಷ್ಟೇ. ಆದರೆ ಸಂತ ಮೇರಿ ಮಗ್ದಲೇನಳ ಹೆಸರಿನ ಈ ಬೆಸಿಲಿಕಾ ಮತ್ತು ಗುಡ್ಡ 1979ರಲ್ಲೇ ಯುನೆಸ್ಕೋ ಪಟ್ಟಿ ಸೇರಿವೆ. 1146ರಲ್ಲಿ ಸಂತ ಬರ್ನಾರ್ಡ್ ಎರಡನೇ ಕ್ರೂಸೇಡ್ ಧರ್ಮಯುದ್ಧಕ್ಕೆ ಕರೆ ಕೊಟ್ಟದ್ದು ಇಲ್ಲಿ. ಸ್ಪೇನಿನ ಸಾಂತಿಯಾಗೊಗೆ ನಡೆದು ಹೋಗುವ ಯಾತ್ರೆಯ ಒಂದು ದಾರಿ ಶುರುವಾಗುವುದೂ ಇಲ್ಲಿಂದಲೇ.

ಒಳಬಾಗಿಲ ಮೇಲಿನ ಕೆತ್ತನೆಯ ಮುಂದೆ ಅರ್ಧ ಗಂಟೆ ನಿಲ್ಲಿ. ನಡುವೆ ಕ್ರಿಸ್ತ, ಸುತ್ತ ಲೋಕದ ಜನ. ನಾಯಿ ಮುಖದವರು, ಮೊರದಂಥ ಕಿವಿಯವರು, ಕುದುರೆ ಹತ್ತಲು ಏಣಿ ಇಟ್ಟ ಕುಳ್ಳರು. ಲೋಕದ ಅಂಚಿನಲ್ಲಿ ಇಂಥವರು ಇರುತ್ತಾರೆ ಎಂದು ಆ ಕಾಲದ ಶಿಲ್ಪಿಗಳು ನಂಬಿದ್ದರು. ನಮ್ಮಂಥ ದೂರದವರನ್ನೂ ಹೀಗೇ ಊಹಿಸಿದ್ದರೋ ಏನೋ ಅಂತ ನನಗೆ ಪ್ರತಿ ಸಲ ಅನ್ನಿಸುತ್ತದೆ. ಜೂನ್ 21ರ ಆಸುಪಾಸಿನಲ್ಲಿ, ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ, ಕಿಟಕಿಯ ಬೆಳಕು ನೆಲದ ನಡುವೆ ಸಾಲಾಗಿ ಬಿದ್ದು ಒಂದು ದಾರಿಯಾಗುತ್ತದೆ. ಗಡಿಯಾರದಲ್ಲಿ ಆಗ ಮಧ್ಯಾಹ್ನ ಸುಮಾರು ಒಂದೂಮುಕ್ಕಾಲು. ಅದನ್ನು ನೋಡಲು ಜನ ಬರುತ್ತಾರೆ, ಆ ವಾರ ಕೋಣೆ ಸಿಗುವುದು ಕಷ್ಟ.

ನಮ್ಮವರಿಗೆ ಇಲ್ಲಿ ಇನ್ನೊಂದು ನಂಟು ಇದೆ. ರಾಮಕೃಷ್ಣ ಪರಮಹಂಸರ, ವಿವೇಕಾನಂದರ, ಗಾಂಧೀಜಿಯ ಬದುಕನ್ನು ಯುರೋಪಿಗೆ ಪರಿಚಯ ಮಾಡಿಸಿದ ಫ್ರೆಂಚ್ ಲೇಖಕ ರೊಮಾ ರೊಲಾ ಕೊನೆಯ ವರ್ಷಗಳನ್ನು ಇದೇ ಬೀದಿಯ ಒಂದು ಮನೆಯಲ್ಲಿ ಕಳೆದರು. 1944ರ ಡಿಸೆಂಬರ್ 30ರಂದು ಇಲ್ಲೇ ತೀರಿಕೊಂಡರು. ಆ ಮನೆ ಈಗ ಝೆರ್ವೋಸ್ ಮ್ಯೂಸಿಯಂ. ಒಳಗೆ ಪಿಕಾಸೊ ಮೊದಲಾದವರ ಚಿತ್ರಗಳಿವೆ. ಚಳಿಗಾಲದಲ್ಲಿ ಮುಚ್ಚಿರುತ್ತದೆ. ಅಪ್ಪ ಚಿಕ್ಕಂದಿನಲ್ಲಿ ರಾಮಕೃಷ್ಣ ಆಶ್ರಮಕ್ಕೆ ಹೋಗುತ್ತಿದ್ದವರು. ಅವರು ಆ ಮನೆಯ ಕಿಟಕಿಯಿಂದ ಕಣಿವೆ ನೋಡುತ್ತಾ ಬಹಳ ಹೊತ್ತು ನಿಂತುಬಿಟ್ಟರು.

ಈಗ ಕಷ್ಟಗಳು. ಪ್ಯಾರಿಸ್ ಬೆರ್ಸಿ ನಿಲ್ದಾಣದಿಂದ ಸೆರ್ಮಿಝೆಲ್ಲ್‌ಗೆ ರೈಲಿದೆ, ಎರಡೂವರೆ ಗಂಟೆಯ ಮೇಲೆ ಸ್ವಲ್ಪ. ದಿನಕ್ಕೆ ಕೆಲವೇ ರೈಲು. ಅಲ್ಲಿಂದ ವೆಜ್ಲೆಗೆ ಹತ್ತು ಕಿಲೋಮೀಟರ್. ಮೊದಲ ಸಲ ನಾನು ಟ್ಯಾಕ್ಸಿಗೆ ಹೇಳದೆ ಹೋಗಿ, ಖಾಲಿ ನಿಲ್ದಾಣದಲ್ಲಿ ಒಂದು ಗಂಟೆ ಕಾದೆ. ತಂಗುವ ಮನೆಯವರಿಗೆ ಎರಡು ದಿನ ಮೊದಲು ಬರೆದರೆ ಅವರೇ ಟ್ಯಾಕ್ಸಿ ಗೊತ್ತುಮಾಡಿ ಕೊಡುತ್ತಾರೆ. ಊರಿನ ಬುಡದಿಂದ ಚರ್ಚಿನ ತನಕ ಹತ್ತು ಹದಿನೈದು ನಿಮಿಷದ ಏರು. ಅಪ್ಪನ ಮಂಡಿಗೆ ಅದು ಅರ್ಧ ಗಂಟೆ ಆಯಿತು, ಆದರೆ ಹತ್ತಿದರು. ದಾರಿಯಲ್ಲಿ ಕೂರಲು ಜಾಗ ಇದೆ.

ಇಬ್ಬರಿಗೆ ಬೆಳಗಿನ ತಿಂಡಿ ಸೇರಿ ಮನೆಯ ಕೋಣೆ ಸಾಮಾನ್ಯವಾಗಿ 80ರಿಂದ 120 ಯೂರೋ. ಇಂಥ ತಂಗುಮನೆಗೆ ಇಲ್ಲಿ ಶಾಂಬ್ರ್ ದೋತ್ ಅನ್ನುತ್ತಾರೆ. ಬರ್ಗಂಡಿಯಲ್ಲಿ ಚೀಸ್ ಹಾಕಿ ಬೇಯಿಸಿದ ಗೂಜೇರ್ ಎಂಬ ಉಬ್ಬಿದ ಬನ್ನು ಸಿಗುತ್ತದೆ, ಬಿಸಿಯಾಗಿರುವಾಗ ತಿನ್ನಿ. ಮೊಟ್ಟೆಯ ಅಡುಗೆ ಎಂದು ನಂಬಿ "ಅಝ್ ಆನ್ ಮುರೆತ್" ಹೇಳಬೇಡಿ. ಅದರಲ್ಲಿ ಹಂದಿ ಮಾಂಸದ ಚೂರು ಇರುತ್ತದೆ.

ಸಾರ್ಲಾ: ಕಾರಿದ್ದು ನಾಲ್ಕು ದಿನ ಇದ್ದರೆ

ದೊರ್ದೋನ್ ನದಿಯ ಸೀಮೆಯ ಊರು, ಒಂಬತ್ತು ಸಾವಿರದಷ್ಟು ಜನ. ಜೇನಿನ ಬಣ್ಣದ ಕಲ್ಲಿನ ಮನೆಗಳು ಬೀದಿ ಬೀದಿಯಲ್ಲಿ ಹಾಗೇ ಉಳಿದಿವೆ. ಕಾರಣ ಇದೆ. ಹಳೇ ಊರುಗಳನ್ನು ಕಾಪಾಡಲು 1962ರಲ್ಲಿ ಸಂಸ್ಕೃತಿ ಮಂತ್ರಿ ಆಂದ್ರೆ ಮಾಲ್ರೋ ಒಂದು ಕಾನೂನು ತಂದರು. ಅದರ ಕೆಳಗೆ ಮೊದಮೊದಲು ದುರಸ್ತಿಯಾದ ಊರುಗಳಲ್ಲಿ ಸಾರ್ಲಾ ಒಂದು. ಬುಧವಾರ ಮತ್ತು ಶನಿವಾರ ಸಂತೆ. ಶನಿವಾರದ್ದು ದೊಡ್ಡದು. ಅಕ್ರೋಟು, ಸ್ಟ್ರಾಬೆರಿ, ಚೀಸ್, ಜೇನು ಎಲ್ಲ ಬರುತ್ತದೆ.

ಇದನ್ನು ಗಲಾಟೆ ಇಲ್ಲದ ಊರು ಅಂತ ಬೇಸಿಗೆಯಲ್ಲಿ ನಾನು ಹೇಳಲಾರೆ. ಆಗಸ್ಟಿನಲ್ಲಿ ನಡೆಯಲು ಜಾಗ ಇರುವುದಿಲ್ಲ. ಆದರೆ ಸುತ್ತ ಇರುವುದಕ್ಕಾಗಿ ಇಲ್ಲಿ ಉಳಿಯಬಹುದು. ಬೆನಾಕ್ ಮತ್ತು ಕಾಸ್ಟೆಲ್ನೋ ಕೋಟೆಗಳು ನದಿಯ ಆಚೆ ಈಚೆ ಎದುರುಬದುರು ನಿಂತಿವೆ. ಆದಿಮಾನವರ ಚಿತ್ರಗಳಿರುವ ಲಾಸ್ಕೋ ಗುಹೆ 25 ಕಿಲೋಮೀಟರ್ ದೂರ. 1940ರಲ್ಲಿ ಸಿಕ್ಕ ಆ ಗುಹೆಯನ್ನು ಜನರ ಉಸಿರಿನಿಂದ ಚಿತ್ರ ಹಾಳಾಗುತ್ತವೆಂದು 1963ರಲ್ಲಿ ಮುಚ್ಚಿದರು. ಈಗ ನೋಡಲು ಸಿಗುವುದು 2016ರಲ್ಲಿ ತೆರೆದ ಪ್ರತಿರೂಪ, ಅದೂ ಚೆನ್ನಾಗಿದೆ. ಕಾರಿಲ್ಲದೆ ಇವನ್ನೆಲ್ಲ ಮಾಡುವುದು ಕಷ್ಟ. ಬೋರ್ಡೋದಿಂದ ಸಾರ್ಲಾಗೆ ರೈಲಿದೆ, ಎರಡೂವರೆಯಿಂದ ಮೂರು ಗಂಟೆ.

ಊಟದ ವಿಷಯದಲ್ಲಿ ಸಸ್ಯಾಹಾರಿಗಳಿಗೆ ನಾಲ್ಕರಲ್ಲಿ ಕಷ್ಟದ ಊರು ಇದೇ. ಇಡೀ ಸೀಮೆಯ ಅಡುಗೆ ಬಾತುಕೋಳಿಯ ಮೇಲೆ ನಿಂತಿದೆ. ಒಂದು ಹೋಟೆಲಿನಲ್ಲಿ ನಾನು "ಮಾಂಸ ಬೇಡ" ಎಂದೆ, ಅವರು ಸರಿ ಎಂದರು. ಬೆಳ್ಳುಳ್ಳಿ ಹಾಕಿ ಹುರಿದ ಆಲೂಗಡ್ಡೆ ಬಂತು. ಅಮ್ಮ ಅರ್ಧ ತಿಂದ ಮೇಲೆ ಗೊತ್ತಾಯಿತು, ಸಾರ್ಲಾದ ಆಲೂಗಡ್ಡೆ ಅಂದರೆ ಬಾತುಕೋಳಿಯ ಕೊಬ್ಬಿನಲ್ಲೇ ಹುರಿಯುವುದು. ಅಮ್ಮ ಆ ರಾತ್ರಿ ಮತ್ತೇನೂ ತಿನ್ನಲಿಲ್ಲ. ನನಗೆ ಈಗಲೂ ಬೇಜಾರಿದೆ. ನೀವು "ಸಾನ್ ವ್ಯಾಂದ್, ಸಾನ್ ಪ್ವಾಸೋಂ, ಸಾನ್ ಗ್ರೆಸ್ ದ ಕನಾರ್" ಎಂದು ಬರೆಸಿಟ್ಟುಕೊಂಡು ತೋರಿಸಿ. ಮಾಂಸ, ಮೀನು, ಬಾತುಕೋಳಿ ಕೊಬ್ಬು ಬೇಡ ಎಂದರ್ಥ. ಇನ್ನೂ ಒಳ್ಳೆಯದೆಂದರೆ ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದು ಸಂತೆಯಿಂದ ತರಕಾರಿ ತಂದು ಬೇಯಿಸಿಕೊಳ್ಳುವುದು. ನಾಲ್ಕೈದು ಜನರ ಸಂಸಾರಕ್ಕೆ ಅದು ಖರ್ಚಿನಲ್ಲೂ ಕಡಿಮೆ.

ಕೊಂಕ್: ದೂರ, ಆದರೆ ಹೋದವರು ಮರೆಯುವುದಿಲ್ಲ

ನೈಋತ್ಯದ ಅವೆರೋನ್ ಜಿಲ್ಲೆಯಲ್ಲಿ, ಕಾಡು ತುಂಬಿದ ಇಳಿಜಾರಿನಲ್ಲಿ ಅಂಟಿಕೊಂಡ ಊರು. ಚಪ್ಪಟೆ ಕಲ್ಲಿನ ಮಾಡು, ಮರದ ಚೌಕಟ್ಟಿನ ಮನೆಗಳು. ನಡುವೆ ಸಂತ ಫ್ವಾ ಹೆಸರಿನ ಚರ್ಚು. ಈ ಫ್ವಾ ಆಜೆನ್ ಊರಿನಲ್ಲಿ ಧರ್ಮಕ್ಕಾಗಿ ಪ್ರಾಣ ಕೊಟ್ಟ ಹುಡುಗಿ. ಅವಳ ಅಸ್ಥಿಯನ್ನು 9ನೇ ಶತಮಾನದಲ್ಲಿ ಕೊಂಕ್‌ನ ಸನ್ಯಾಸಿಯೊಬ್ಬ ಅಲ್ಲಿಂದ ಕದ್ದು ತಂದ. ಅಂದಿನಿಂದ ಯಾತ್ರಿಕರು ಬರಲು ಶುರುಮಾಡಿದರು, ಊರು ಬೆಳೆಯಿತು. ಚಿನ್ನದ ತಗಡು, ರತ್ನ ಹೊದಿಸಿದ ಅವಳ ಮೂರ್ತಿ ಈಗಲೂ ಭಂಡಾರದಲ್ಲಿದೆ. ಫ್ರೆಂಚ್ ಕ್ರಾಂತಿಯ ಕಾಲದಲ್ಲಿ ಊರಿನವರು ಆ ಭಂಡಾರವನ್ನು ಬಚ್ಚಿಟ್ಟು ಉಳಿಸಿದರು.

ಬಾಗಿಲ ಮೇಲೆ ಕೊನೆಯ ತೀರ್ಪಿನ ಕೆತ್ತನೆ, 124 ಮೂರ್ತಿಗಳು. ನಿಮ್ಮ ಎಡಕ್ಕೆ ಸ್ವರ್ಗ, ಬಲಕ್ಕೆ ನರಕ. ನರಕದಲ್ಲಿ ಜಿಪುಣನ ಕೊರಳಲ್ಲಿ ಹಣದ ಚೀಲ ನೇತಾಡುತ್ತಿದೆ. ಕಲ್ಲಿನ ಅಂಚಿನ ಹಿಂದಿನಿಂದ ಪುಟ್ಟ ಮುಖಗಳು ಇಣುಕಿ ನೋಡುತ್ತವೆ, ಹುಡುಕಿ. ಒಳಗಿನ 104 ಕಿಟಕಿಗಳ ಗಾಜು ಮಾತ್ರ ಹೊಸದು. ಹತ್ತಿರದ ರೊಡೆಝ್‌ನಲ್ಲಿ ಹುಟ್ಟಿದ ಚಿತ್ರಕಾರ ಪಿಯೆರ್ ಸುಲಾಜ್ ಮಾಡಿದ್ದು, 1994ರಲ್ಲಿ ಮುಗಿಯಿತು. ಬಣ್ಣವಿಲ್ಲದ ಗಾಜು. ಹೊರಗಿನ ಬೆಳಕು ಬದಲಾದಂತೆ ಬೆಳಗ್ಗೆ ಒಂದು ಬಣ್ಣ, ಸಂಜೆ ಒಂದು ಬಣ್ಣ. ಇದನ್ನು ನೋಡಲು ಎರಡು ಹೊತ್ತೂ ಅಲ್ಲಿರಬೇಕು, ಅಲ್ವಾ? ಹಗಲು ಬಂದು ಹೋಗುವವರಿಗೆ ಅದು ಸಿಗುವುದೇ ಇಲ್ಲ.

ಕಾರಿದ್ದರೆ ರೊಡೆಝ್‌ನಿಂದ ಮುಕ್ಕಾಲು ಗಂಟೆಯ ದಾರಿ, ತಿರುವು ಜಾಸ್ತಿ. ಗಾಡಿ ಊರ ಹೊರಗೆ ನಿಲ್ಲಿಸಬೇಕು. ಪ್ಯಾರಿಸ್ಸಿನ ಓಸ್ಟರ್ಲಿಟ್ಸ್ ನಿಲ್ದಾಣದಿಂದ ರೊಡೆಝ್‌ಗೆ ರಾತ್ರಿ ರೈಲಿದೆ. ನಮ್ಮ ಸ್ಲೀಪರ್ ಹಾಗೆ ಮಲಗಿಕೊಂಡು ಹೋಗಬಹುದು, ಒಂದು ರಾತ್ರಿಯ ಕೋಣೆ ಬಾಡಿಗೆಯೂ ಉಳಿಯುತ್ತದೆ. ರೊಡೆಝ್‌ನಿಂದ ಮುಂದೆ ಹೇಗೆ ಹೋಗುವುದೆಂದು ಮೊದಲೇ ವಿಚಾರಿಸಿಟ್ಟುಕೊಳ್ಳಿ. ನಡೆಯುವವರಿಗೆ ಕೊಂಕ್ ಇನ್ನೂ ಅಗ್ಗ. ಸಾಂತಿಯಾಗೊ ಯಾತ್ರೆಯ ದಾರಿ ಊರ ನಡುವೆಯೇ ಹೋಗುತ್ತದೆ. ಹಾಗಾಗಿ ಯಾತ್ರಿಕರ ತಂಗುದಾಣದಲ್ಲಿ ಕಡಿಮೆ ದುಡ್ಡಿಗೆ ಮಂಚ ಸಿಗುತ್ತದೆ.

ಊಟಕ್ಕೆ ಇಲ್ಲಿ ಅಲಿಗೋ ಇದೆ. ಆಲೂಗಡ್ಡೆಗೆ ಹಸಿ ಚೀಸ್, ಬೆಳ್ಳುಳ್ಳಿ ಹಾಕಿ ಎಳೆ ಎಳೆಯಾಗಿ ಬರುವ ತನಕ ತಿರುವುತ್ತಾರೆ. ಹೊಟ್ಟೆ ತುಂಬುತ್ತದೆ. ಪಕ್ಕದಲ್ಲಿ ಸಾಸೇಜ್ ಇಡಬೇಡಿ ಎಂದು ಹೇಳಿ. ತುಂಬಾ ಕಟ್ಟುನಿಟ್ಟಿನ ಸಸ್ಯಾಹಾರಿಗಳಿಗೆ ಒಂದು ಮಾತು ತಿಳಿದಿರಲಿ: ಫ್ರಾನ್ಸಿನ ಸಾಂಪ್ರದಾಯಿಕ ಚೀಸುಗಳಿಗೆ ಹಾಲು ಒಡೆಸಲು ಹಾಕುವ ರೆನೆಟ್ ಸಾಮಾನ್ಯವಾಗಿ ಕರುವಿನ ಹೊಟ್ಟೆಯಿಂದ ತೆಗೆದದ್ದು.

ಮಂಡಿ ನೋವಿರುವವರನ್ನು ಮಾತ್ರ ಕೊಂಕ್‌ಗೆ ಕರೆದುಕೊಂಡು ಹೋಗಬೇಡಿ. ಸಮತಟ್ಟಾದ ಬೀದಿ ತುಂಬಾ ಕಡಿಮೆ.

ಹಾಗಾದರೆ?

ಒಂದೇ ದಿನ, ಕಾರಿಲ್ಲ, ಮಕ್ಕಳಿದ್ದಾರೆ: ಪ್ರೊವ್ಯಾಂ. ಬೇರೆ ಯೋಚನೆ ಬೇಡ. ಒಂದು ವಾರ ಇದೆ, ಕಾರಿದೆ, ನಾಲ್ಕೈದು ಜನ: ಸಾರ್ಲಾದಲ್ಲಿ ಮನೆ ಹಿಡಿಯಿರಿ, ಜುಲೈ ಆಗಸ್ಟ್ ಬಿಟ್ಟು. ಅಲ್ಲಿಂದ ಕೊಂಕ್‌ಗೆ ಎರಡೂವರೆ ಗಂಟೆಯ ದಾರಿ, ಒಂದು ರಾತ್ರಿ ಅಲ್ಲೂ ಕಳೆಯಬಹುದು. ಒಬ್ಬರೇ ಹೊರಟಿದ್ದೀರಿ, ಕಾಲು ಗಟ್ಟಿಯಿದೆ, ದುಡ್ಡು ಕಡಿಮೆ: ರಾತ್ರಿ ರೈಲು ಹತ್ತಿ ಕೊಂಕ್‌ಗೆ ಹೋಗಿ. ಪ್ಯಾರಿಸ್ಸಿನ ಬದಲು ಲಿಯೋನ್‌ನಲ್ಲಿ ಇದ್ದೀರಾದರೆ ಇಷ್ಟು ದೂರ ಬರುವುದೇ ಬೇಡ, ಪಕ್ಕದ ಪೆರೂಜ್ ನೋಡಿ. ಅಲ್ಲಿನ ಸಕ್ಕರೆ ಬೆಣ್ಣೆಯ ತೆಳು ರೊಟ್ಟಿ ಹೆಸರುವಾಸಿ.

ಎರಡು ದಿನ ಇದೆ, ಅಪ್ಪ ಅಮ್ಮ ಜೊತೆಗಿದ್ದಾರೆ, ನಿಧಾನ ನಡೆಯುತ್ತಾರೆ ಆದರೆ ನಡೆಯುತ್ತಾರೆ, ಕಾರಿಲ್ಲ: ವೆಜ್ಲೆ. ಟ್ಯಾಕ್ಸಿಗೆ ಮೊದಲೇ ಹೇಳಿ. ಭಾನುವಾರ, ಸೋಮವಾರ ಬೇಡ. ಮಂಗಳವಾರ ಹೋಗಿ ಬುಧವಾರ ಬನ್ನಿ. ಬೆಳಗ್ಗೆ ಏಳೂವರೆಗೆ ಎದ್ದು ಚರ್ಚಿನ ಹಿಂದಿನ ಹುಲ್ಲಿನ ಅಂಗಳಕ್ಕೆ ಹೋಗಿ. ಕೆಳಗೆ ಕಣಿವೆಯಲ್ಲಿ ಮಂಜು ಇರುತ್ತದೆ. ಅಪ್ಪ ಅಲ್ಲಿ ಬೆಂಚಿನ ಮೇಲೆ ಕೂತು, ಫ್ಲಾಸ್ಕಿನ ಕಾಫಿ ಕುಡಿದು, ಮಂಜು ಕರಗುವ ತನಕ ಏಳಲಿಲ್ಲ. ಮುಂದಿನ ಸಲ ಬಂದಾಗ ಹೊಸ ಊರು ಬೇಡ, ಇಲ್ಲಿಗೇ ಬರೋಣ ಅಂದಿದ್ದಾರೆ. ಎರಡು ರಾತ್ರಿ.